4294967297: ಈ ಸಂಖ್ಯೆಯ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮಾತುಕತೆಯಲ್ಲಿ, ಪತ್ರಗಳಲ್ಲಿ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಕೇಳಿದವರ ಮಾತನ್ನು ಆದಷ್ಟು ಹಾಗೇ ಉಳಿಸಿಕೊಂಡಿದ್ದೇನೆ. ಸುಲಭದ್ದು ಮೊದಲು, ಕಷ್ಟದ್ದು ಆಮೇಲೆ. ಗುಣಾಕಾರ, ಭಾಗಾಕಾರ ಗೊತ್ತಿದ್ದರೆ ಮುಕ್ಕಾಲು ಪಾಲು ಓದಬಹುದು. ಪಕ್ಕದಲ್ಲಿ ಕಾಗದ, ಪೆನ್ಸಿಲ್ ಇಟ್ಟುಕೊಳ್ಳಿ. ಇಲ್ಲಿರುವ ಹೆಚ್ಚಿನ ಲೆಕ್ಕಗಳನ್ನು ನೀವೇ ಮಾಡಿ ನೋಡಬಹುದು.

## ಮೊದಲ ಪರಿಚಯ

ಇದನ್ನು ಓದೋದು ಹೇಗೆ? ಒಂದು ಸೊನ್ನೆಯೂ ಇಲ್ಲ, ನಾಲಿಗೆ ಹೊರಳೋದೇ ಇಲ್ಲ.

ನಾನೂರ ಇಪ್ಪತ್ತೊಂಬತ್ತು ಕೋಟಿ ನಲವತ್ತೊಂಬತ್ತು ಲಕ್ಷ ಅರವತ್ತೇಳು ಸಾವಿರದ ಇನ್ನೂರ ತೊಂಬತ್ತೇಳು. ಹತ್ತು ಅಂಕೆಯ ಸಂಖ್ಯೆ. ನೆನಪಿಟ್ಟುಕೊಳ್ಳಲು ಸುಲಭದ ದಾರಿ ಬೇರೆ ಇದೆ: 2ನ್ನು 32 ಸಲ ಗುಣಿಸಿ, ಬಂದದ್ದಕ್ಕೆ 1 ಕೂಡಿಸಿ. ಅಂದರೆ 2³² + 1. ಇದರ ಗುಣಗಳೆಲ್ಲ ಈ ಚಿಕ್ಕ ರೂಪದಿಂದಲೇ ಹುಟ್ಟುತ್ತವೆ.

ಸಂಖ್ಯೆಗಳಿಗೇನು ಬರವಾ? ಇದರಲ್ಲೇ ಅಂಥ ವಿಶೇಷ ಏನಿದೆ?

ಪಿಯರ್ ದ ಫರ್ಮಾ ಅವರಂಥ ದೊಡ್ಡ ಗಣಿತಜ್ಞರ ಒಂದು ನಂಬಿಕೆಯನ್ನು ಈ ಸಂಖ್ಯೆ ಮುರಿಯಿತು. ಇದನ್ನು ಅವಿಭಾಜ್ಯ ಅಂತ ಅವರು 1640ರಲ್ಲಿ ಬರೆದರು. ಅಲ್ಲ ಅಂತ ತೋರಿಸಿದ್ದು ಲಿಯೊನಾರ್ಡ್ ಆಯ್ಲರ್, 1732ರಲ್ಲಿ. ನಡುವೆ 92 ವರ್ಷ. ಅಷ್ಟು ಕಾಲ ಕಾದದ್ದು ಒಂದೇ ಒಂದು ಭಾಗಾಕಾರಕ್ಕೆ, ಅದೂ ಮೂರಂಕಿಯ ಭಾಜಕದಿಂದ. ನನ್ನನ್ನು ಈ ಸಂಖ್ಯೆಯ ಹತ್ತಿರ ಎಳೆದದ್ದು ಇದೇ.

2³² + 1 ಅಂತಲೇ ಯಾಕೆ? 2³³ + 1 ಯಾಕಲ್ಲ?

2ರಿಂದ ಶುರು ಮಾಡಿ ವರ್ಗ ಮಾಡುತ್ತಾ ಹೋಗಿ: 2, 4, 16, 256, 65536, 4294967296. ಪ್ರತಿಯೊಂದಕ್ಕೂ 1 ಕೂಡಿಸಿ: 3, 5, 17, 257, 65537, 4294967297. ಇವನ್ನು ಫರ್ಮಾ ಸಂಖ್ಯೆಗಳು ಅನ್ನುತ್ತಾರೆ. ಎಣಿಕೆ ಸೊನ್ನೆಯಿಂದ ಶುರುವಾಗುತ್ತದೆ, ಹಾಗಾಗಿ 3 ಅನ್ನೋದು ಸೊನ್ನೆಯನೇ ಫರ್ಮಾ ಸಂಖ್ಯೆ, ನಮ್ಮದು ಐದನೆಯದು.

ಇನ್ನು 33ರ ಮಾತು. ಘಾತದಲ್ಲಿ 1ಕ್ಕಿಂತ ದೊಡ್ಡ ಬೆಸ ಭಾಜಕ ಇದ್ದರೆ 2ರ ಘಾತ + 1 ತಾನಾಗಿಯೇ ಒಡೆಯುತ್ತದೆ. 2³ + 1 = 9, ಇದನ್ನು 3 ಭಾಗಿಸುತ್ತದೆ. 2⁶ + 1 = 65, ಇದನ್ನು 5 ಭಾಗಿಸುತ್ತದೆ. 2³³ + 1 ಕೂಡ ಹಾಗೇ 3ರಿಂದ ಒಡೆಯುತ್ತದೆ. ಈ ಸಾಲಿನಲ್ಲಿ ಅವಿಭಾಜ್ಯ ಹುಡುಕುವವರಿಗೆ ಉಳಿಯೋದು 1, 2, 4, 8, 16, 32ರಂಥ ಘಾತಗಳು ಮಾತ್ರ.

ಕಂಪ್ಯೂಟರ್‌ನಲ್ಲಿ ಆಗಾಗ ಕಾಣೋ 4294967295 ಇದೇ ತಾನೇ?

ಅಲ್ಲ. ಅದು ನಮ್ಮದಕ್ಕಿಂತ 2 ಕಡಿಮೆ. 32 ಬಿಟ್‌ನಲ್ಲಿ ಹಿಡಿಸುವ ಅತಿ ದೊಡ್ಡ ಸಂಖ್ಯೆ ಅದು: ದ್ವಿಮಾನದಲ್ಲಿ ಬರೆದರೆ 32 ಒಂದುಗಳ ಸಾಲು. ಅದರ ನಂತರದ 4294967296 ಅಂದರೆ 32 ಬಿಟ್‌ನಿಂದ ಮಾಡಬಹುದಾದ ಒಟ್ಟು ವಿನ್ಯಾಸಗಳ ಲೆಕ್ಕ. ಇಂಟರ್‌ನೆಟ್‌ನ ಹಳೆಯ ಐಪಿ ವಿಳಾಸಗಳು, ಅಂದರೆ ನಾಲ್ಕನೇ ಆವೃತ್ತಿಯವು, ಒಟ್ಟು ಇಷ್ಟೇ. ನಮ್ಮ ಸಂಖ್ಯೆಗೆ 33 ಬಿಟ್ ಬೇಕು. ಎರಡು ತುದಿಯಲ್ಲಿ ಒಂದೊಂದು 1, ನಡುವೆ 31 ಸೊನ್ನೆ. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ.

## ಒಡೆಯುತ್ತದೋ ಇಲ್ಲವೋ

ಸುತ್ತಿ ಬಳಸಿ ಬೇಡ. ಇದು ಅವಿಭಾಜ್ಯನಾ, ಅಲ್ವಾ?

ಅಲ್ಲ. 4294967297 = 641 × 6700417.

ಭಾಗಾಕಾರವನ್ನು ಒಂದು ಸಲ ಕೈಯಾರೆ ಮಾಡಿ ನೋಡಿ. 4294ರಲ್ಲಿ 641 ಆರು ಸಲ, ಉಳಿಕೆ 448. ಒಂಬತ್ತನ್ನು ಇಳಿಸಿದರೆ 4489, ಅದರಲ್ಲಿ ಏಳು ಸಲ, ಉಳಿಕೆ ಬರೀ 2. ಆರನ್ನು ಇಳಿಸಿದರೆ 26, ಹೋಗಲ್ಲ, ಸೊನ್ನೆ. ಏಳನ್ನು ಇಳಿಸಿದರೆ 267, ಮತ್ತೆ ಸೊನ್ನೆ. ಎರಡನ್ನು ಇಳಿಸಿದರೆ 2672, ನಾಲ್ಕು ಸಲ, ಉಳಿಕೆ 108. ಒಂಬತ್ತನ್ನು ಇಳಿಸಿದರೆ 1089, ಒಂದು ಸಲ, ಉಳಿಕೆ ಮತ್ತೆ ಅದೇ 448. ಕೊನೆಯ ಏಳನ್ನು ಇಳಿಸಿದರೆ 4487. ಅದು ಸರಿಯಾಗಿ 641ರ ಏಳು ಪಟ್ಟು. ನಾನು ಮೊದಲ ಸಲ ಇದನ್ನು ಮಾಡಿದಾಗ ಕೊನೆಯ ಸಾಲಿನಲ್ಲಿ ಸೊನ್ನೆ ಬಿದ್ದದ್ದನ್ನು ನೋಡಿ ಪೆನ್ಸಿಲ್ ಕೆಳಗಿಟ್ಟು ಸುಮ್ನೆ ಕೂತಿದ್ದೆ.

641 ಅಂಥ ದೊಡ್ಡದೇನಲ್ಲ. ಫರ್ಮಾ ಹೇಗೆ ಎಡವಿದರು?

ಮೊದಲ ಐದೂ (3, 5, 17, 257, 65537) ಅವಿಭಾಜ್ಯಗಳೇ. ಐದು ಸಲ ಸರಿಹೋದ ಮೇಲೆ ಮುಂದಿನದೂ ಸರಿ ಇರುತ್ತದೆ ಅಂತ ಯಾರಿಗಾದರೂ ಅನಿಸುತ್ತದೆ. ಪೂರ್ತಿ ಸಾಧನೆ, ಅಂದರೆ ಗಣಿತದ ರುಜುವಾತು, ತಮ್ಮ ಹತ್ತಿರ ಇಲ್ಲ ಅಂತ ಅವರೂ ಬರೆದಿದ್ದರು, ಅದನ್ನು ಮರೆಯಬಾರದು.

ಆದರೂ ಒಂದು ಮಾತು ನನ್ನನ್ನು ಬಿಡೋದಿಲ್ಲ. ಅದೇ 1640ರಲ್ಲಿ ಅವರು 2³⁷ − 1 ಅನ್ನೋ ಹನ್ನೆರಡು ಅಂಕೆಯ ಸಂಖ್ಯೆಯನ್ನು 223 × 616318177 ಅಂತ ಒಡೆದಿದ್ದರು. ಎಂಥ ಭಾಜಕಗಳನ್ನು ಹುಡುಕಬೇಕು ಅಂತ ಮೊದಲೇ ಜರಡಿ ಹಿಡಿದು ಒಡೆದದ್ದು ಅದು. ಅದೇ ಜರಡಿಯನ್ನು ಇಲ್ಲಿಗೆ ಹಿಡಿದಿದ್ದರೆ 641 ಸಿಗಬೇಕಿತ್ತು. ಉಪಕರಣ ಕೈಯಲ್ಲೇ ಇತ್ತು. ಲೆಕ್ಕ ಎಲ್ಲಿ ತಪ್ಪಿತೋ, ಇಲ್ಲಾ ಮಾಡಲೇ ಇಲ್ಲವೋ, ಅವರೊಬ್ಬರಿಗೇ ಗೊತ್ತು.

ಆಯ್ಲರ್‌ಗೆ 641 ಹೊಳೆದದ್ದು ಹೇಗೆ? ಅದೃಷ್ಟಾನಾ?

ಅದೃಷ್ಟ ಅಲ್ಲ. 1729ರ ಕೊನೆಯಲ್ಲಿ ಗಣಿತಜ್ಞ ಗೋಲ್ಡ್‌ಬಾಕ್ ಒಂದು ಪತ್ರದಲ್ಲಿ ಫರ್ಮಾ ಅವರ ಈ ಮಾತನ್ನು ಆಯ್ಲರ್ ಗಮನಕ್ಕೆ ತಂದರು. ಆಯ್ಲರ್ ಎಲ್ಲ ಅವಿಭಾಜ್ಯಗಳನ್ನೂ ಒಂದೊಂದಾಗಿ ಹಾಕಿ ನೋಡಬೇಕಿರಲಿಲ್ಲ. ಹಾಗೆ ಹೋಗಿದ್ದರೆ 641 ಬರುವುದು 116ನೇ ಪ್ರಯತ್ನಕ್ಕೆ.

ಜರಡಿ ಹೀಗಿದೆ. ನಮ್ಮ ಸಂಖ್ಯೆಯನ್ನು ಭಾಗಿಸುವ ಅವಿಭಾಜ್ಯ ಒಂದಿದೆ ಅಂದುಕೊಳ್ಳಿ. ಅದರಿಂದ ಭಾಗಿಸಿದಾಗ 2³²ರ ಶೇಷ −1ಕ್ಕೆ ಸಮ, ಅಂದರೆ ಪೂರ್ತಿ ಭಾಗವಾಗಲು ಒಂದು ಕಡಿಮೆ. ಹಾಗಾದರೆ ಅದರ ವರ್ಗ 2⁶⁴ರ ಶೇಷ 1. ಅಂದರೆ 2ನ್ನು ಮತ್ತೆ ಮತ್ತೆ ಗುಣಿಸುತ್ತಾ ಹೋದರೆ ಶೇಷ ಮೊದಲ ಸಲ 1ಕ್ಕೆ ಮರಳುವುದು 64ನೇ ಹೆಜ್ಜೆಗೆ, ಅದಕ್ಕಿಂತ ಮೊದಲಲ್ಲ. ಇಂಥ ಸುತ್ತಿನ ಉದ್ದ ಯಾವಾಗಲೂ ಅವಿಭಾಜ್ಯಕ್ಕಿಂತ ಒಂದು ಕಡಿಮೆ ಇರುವ ಸಂಖ್ಯೆಯನ್ನು ಭಾಗಿಸುತ್ತದೆ. ಹಾಗಾಗಿ ನಾವು ಹುಡುಕುವ ಭಾಜಕ 64ರ ಗುಣಕಕ್ಕೆ 1 ಕೂಡಿಸಿದ ರೂಪದಲ್ಲೇ ಇರಬೇಕು.

ಆ ರೂಪದ ಅವಿಭಾಜ್ಯಗಳನ್ನು ಸಾಲಾಗಿ ಇಟ್ಟು ಶೇಷ ನೋಡಿ:

193 → ಶೇಷ 109
257 → ಶೇಷ 2
449 → ಶೇಷ 325
577 → ಶೇಷ 288
641 → ಶೇಷ 0

ಐದನೇ ಪ್ರಯತ್ನಕ್ಕೇ ಸಿಕ್ಕಿತು. ಮುಂದೆ 1878ರಲ್ಲಿ ಎದುವಾರ್ ಲೂಕಾಸ್ ಜರಡಿಯನ್ನು ಇನ್ನೂ ಬಿಗಿ ಮಾಡಿದರು: 64 ಸಾಲದು, 128ರ ಗುಣಕ + 1 ಆಗಿರಬೇಕು. ಆಗ 641ರವರೆಗೆ ಉಳಿಯೋದು 257 ಮತ್ತು 641, ಎರಡೇ. 257 ತಾನೇ ಒಂದು ಫರ್ಮಾ ಸಂಖ್ಯೆ, ಅದು ಇನ್ನೊಂದು ಫರ್ಮಾ ಸಂಖ್ಯೆಯನ್ನು ಭಾಗಿಸಲಾರದು (ಕಾರಣ ಕೆಳಗೆ ಬೇರೆ ಪ್ರಶ್ನೆಯಲ್ಲಿದೆ). ಉಳಿದದ್ದು 641 ಒಂದೇ. ಸರಿಯಾದ ಜರಡಿ ಇದ್ದರೆ ಮೊದಲನೇ ಪ್ರಯತ್ನದಲ್ಲೇ ಉತ್ತರ!

ಭಾಗಾಕಾರ ಮಾಡದೆ, ಬರೀ ಯೋಚನೆಯಿಂದ ಇದನ್ನು ತೋರಿಸಬಹುದಾ?

ಖಂಡಿತ. ಇಡೀ ಪುಟದಲ್ಲಿ ನನಗೆ ಅತ್ಯಂತ ಇಷ್ಟವಾದ ಭಾಗ ಇದು. 641ನ್ನು ಎರಡು ಬಗೆಯಲ್ಲಿ ಬರೆಯಬಹುದು:

641 = 5 × 2⁷ + 1 (ಅಂದರೆ 640 + 1)
641 = 5⁴ + 2⁴ (ಅಂದರೆ 625 + 16)

ಈಗ 2³² ಅಂದರೆ 16 × 2²⁸. ಎರಡನೇ ಸಾಲಿನಿಂದ 16 = 641 − 625. ಹಾಗಾಗಿ 2³² = 641 × 2²⁸ − 5⁴ × 2²⁸. ಕೊನೆಯ ತುಂಡು ನೋಡಿ: 5⁴ × 2²⁸ ಅಂದರೆ (5 × 2⁷)⁴, ಅಂದರೆ 640⁴. ಆದ್ದರಿಂದ

2³² + 1 = 641 × 2²⁸ − (640⁴ − 1)

640⁴ − 1 ಅನ್ನು (640 + 1)(640 − 1)(640² + 1) ಅಂತ ಬಿಡಿಸಬಹುದು. ಅದರಲ್ಲಿ 641 ಎದ್ದು ಕಾಣುತ್ತದೆ. ಎರಡೂ ತುಂಡುಗಳಲ್ಲಿ 641 ಇದ್ದ ಮೇಲೆ ಇಡೀ ಸಂಖ್ಯೆಯಲ್ಲೂ ಇರಲೇಬೇಕು. 641ನ್ನು ಹೊರಗೆ ತೆಗೆದರೆ ಉಳಿಯೋದು 2²⁸ − 639 × 409601. ಲೆಕ್ಕ ಮಾಡಿ: 268435456 − 261735039 = 6700417. ಇನ್ನೊಂದು ಭಾಜಕವೂ ಅದೇ ಉಸಿರಿನಲ್ಲಿ ಸಿಕ್ಕಿತು, ಅಲ್ವಾ?

ಸರಿ, ಆದ್ರೆ 6700417 ಇನ್ನೂ ಚೂರಾಗಲ್ಲ ಅನ್ನೋದಕ್ಕೆ ಏನು ಖಾತ್ರಿ?

ನಾಲ್ಕೇ ಭಾಗಾಕಾರ ಸಾಕು. 6700417ರ ವರ್ಗಮೂಲ 2588 ಚಿಲ್ಲರೆ. ಒಡೆಯುವುದಾದರೆ 2588ರ ಒಳಗೆ ಒಂದು ಅವಿಭಾಜ್ಯ ಭಾಜಕ ಇರಬೇಕು. ಆ ಭಾಜಕ ನಮ್ಮ ದೊಡ್ಡ ಸಂಖ್ಯೆಯನ್ನೂ ಭಾಗಿಸುತ್ತದೆ, ಹಾಗಾಗಿ ಅದೂ 128ರ ಗುಣಕ + 1 ಆಗಿರಬೇಕು. 257 ಹೇಗೂ ಹೊರಗೆ. ಉಳಿದದ್ದು 641, 769, 1153, 1409. ಶೇಷಗಳು ಕ್ರಮವಾಗಿ 44, 120, 334, 622. ಒಂದೂ ಸೊನ್ನೆ ಅಲ್ಲ. 6700417 ಅವಿಭಾಜ್ಯ.

## ಗುಂಪು ಮತ್ತು ಗುಣ

ಇದನ್ನು ಯಾವ ಯಾವ ಗುಂಪಿಗೆ ಸೇರಿಸಬಹುದು?

ಬೆಸ ಸಂಖ್ಯೆ, ಭಾಜ್ಯ ಸಂಖ್ಯೆ. ಸರಿಯಾಗಿ ಎರಡೇ ಅವಿಭಾಜ್ಯಗಳ ಗುಣಲಬ್ಧ ಆದ್ದರಿಂದ ಅರೆ-ಅವಿಭಾಜ್ಯ. ಯಾವ ಅವಿಭಾಜ್ಯವೂ ಎರಡು ಸಲ ಬಂದಿಲ್ಲ, ಹಾಗಾಗಿ 1ನ್ನು ಬಿಟ್ಟರೆ ಬೇರೆ ಯಾವ ವರ್ಗವೂ ಇದನ್ನು ಭಾಗಿಸುವುದಿಲ್ಲ.

ಭಾಜಕಗಳು ನಾಲ್ಕು: 1, 641, 6700417, ಮತ್ತೆ ತಾನೇ. ತನ್ನನ್ನು ಬಿಟ್ಟು ಉಳಿದ ಮೂರನ್ನು ಕೂಡಿಸಿದರೆ 6701059. ಸಂಖ್ಯೆಗಿಂತ ಎಷ್ಟೋ ಕಡಿಮೆ, ಆದ್ದರಿಂದ ಇದು ಕೊರತೆ ಸಂಖ್ಯೆ. ಇದಕ್ಕಿಂತ ಚಿಕ್ಕದಾಗಿದ್ದು ಇದರ ಜೊತೆ 1 ಬಿಟ್ಟು ಬೇರೆ ಸಾಮಾನ್ಯ ಭಾಜಕ ಇಲ್ಲದ ಸಂಖ್ಯೆಗಳು ಎಷ್ಟು ಅಂದರೆ 640 × 6700416 = 4288266240. ಹೆಚ್ಚುಕಡಿಮೆ ಎಲ್ಲವೂ! ಅಂಕೆಗಳ ಮೊತ್ತ 59.

ಪೂರ್ಣ ವರ್ಗ ಆಗಿರಬಹುದಾ?

ಇಲ್ಲ. 65536ರ ವರ್ಗ 4294967296. ನಮ್ಮದು ಅದಕ್ಕಿಂತ ಒಂದೇ ಒಂದು ಜಾಸ್ತಿ, ಮುಂದಿನ ವರ್ಗ ತುಂಬಾ ದೂರ.

ಎರಡು ವರ್ಗಗಳ ಮೊತ್ತವಾಗಿ ಎರಡು ಥರ ಬರೆಯಬಹುದಂತೆ. ಹೌದಾ?

ಹೌದು. ಒಂದು ಕಣ್ಣೆದುರೇ ಇದೆ: 65536² + 1². ಇನ್ನೊಂದು ಬಚ್ಚಿಟ್ಟುಕೊಂಡಿದೆ: 62264² + 20449². ಪರೀಕ್ಷಿಸಿ: 3876805696 + 418161601 = 4294967297. ಈ 20449 ತಾನೂ 143ರ ವರ್ಗ.

ಇದು ಬರೀ ಚಂದಕ್ಕಲ್ಲ. ಅವಿಭಾಜ್ಯ ಸಂಖ್ಯೆಯನ್ನು ಎರಡು ವರ್ಗಗಳ ಮೊತ್ತವಾಗಿ ಬರೆಯಲು ಸಾಧ್ಯವಾದರೆ ಒಂದೇ ಬಗೆಯಲ್ಲಿ ಸಾಧ್ಯ. ಎರಡು ಬಗೆ ಸಿಕ್ಕಿತು ಅಂದರೆ ಸಂಖ್ಯೆ ಒಡೆಯುತ್ತದೆ ಅಂತಲೇ ಅರ್ಥ. ಎಲ್ಲಿ ಒಡೆಯುತ್ತದೆ ಅಂತಲೂ ಅದೇ ಹೇಳುತ್ತದೆ. ದೊಡ್ಡವುಗಳ ವ್ಯತ್ಯಾಸ 65536 − 62264 = 3272. ಚಿಕ್ಕವುಗಳ ವ್ಯತ್ಯಾಸ 20449 − 1 = 20448. ಎರಡಕ್ಕೂ ಇರುವ ಅತಿ ದೊಡ್ಡ ಸಾಮಾನ್ಯ ಭಾಜಕ 8. ಅದರಿಂದ ಭಾಗಿಸಿದರೆ 409 ಮತ್ತು 2556. ಈಗ 409² + 2556² ಎಷ್ಟು? 167281 + 6533136 = 6700417.

ಇನ್ನು ಮೊತ್ತಗಳನ್ನು ತೆಗೆದುಕೊಳ್ಳಿ: 127800 ಮತ್ತು 20450. ಇವುಗಳ ಸಾಮಾನ್ಯ ಭಾಜಕ 50. ಮೊದಲಿನ 8ರ ಅರ್ಧ 4, ಈ 50ರ ಅರ್ಧ 25. 4² + 25² = 641. ಭಾಗಾಕಾರವೇ ಇಲ್ಲದೆ ಎರಡೂ ಭಾಜಕಗಳು ಹೊರಗೆ ಬಂದವು. ಎಷ್ಟು ಸಲ ಮಾಡಿದರೂ ನನಗೆ ಇದು ಹಳೆಯದಾಗಿಲ್ಲ.

ಮೊದಲ ಐದು ಫರ್ಮಾ ಸಂಖ್ಯೆಗಳಿಗೂ ಇದಕ್ಕೂ ಏನಾದರೂ ನಂಟು ಇದೆಯಾ?

ಗಟ್ಟಿ ನಂಟು ಇದೆ. ಐದನ್ನೂ ಗುಣಿಸಿ: 3 × 5 × 17 × 257 × 65537 = 4294967295. ನಮ್ಮದಕ್ಕಿಂತ ಸರಿಯಾಗಿ 2 ಕಡಿಮೆ. ಸಾಲಿನಲ್ಲಿ ಎಲ್ಲಿ ನಿಂತು ಹಿಂದೆ ನೋಡಿದರೂ ಹೀಗೇ: ಹಿಂದಿನವೆಲ್ಲ ಗುಣಿಸಿ 2 ಕೂಡಿಸಿದರೆ ಮುಂದಿನದು.

ಇದರಿಂದ ಒಂದು ದೊಡ್ಡ ವಿಷಯ ಹೊರಡುತ್ತದೆ. ಎರಡು ಫರ್ಮಾ ಸಂಖ್ಯೆಗಳಿಗೆ ಸಾಮಾನ್ಯ ಭಾಜಕ ಇದ್ದರೆ ಅದು 2ನ್ನೂ ಭಾಗಿಸಬೇಕು. ಆದರೆ ಎಲ್ಲವೂ ಬೆಸ. ಹಾಗಾಗಿ 1 ಬಿಟ್ಟು ಬೇರೆ ಸಾಮಾನ್ಯ ಭಾಜಕವೇ ಇಲ್ಲ. ಪ್ರತಿ ಫರ್ಮಾ ಸಂಖ್ಯೆಯೂ ಹೊಸ ಅವಿಭಾಜ್ಯವನ್ನು ಹೊತ್ತು ತರುತ್ತದೆ. ಸಾಲು ಮುಗಿಯೋದಿಲ್ಲ, ಆದ್ದರಿಂದ ಅವಿಭಾಜ್ಯಗಳೂ ಮುಗಿಯೋದಿಲ್ಲ. ಇದು ಗೋಲ್ಡ್‌ಬಾಕ್ ಅವರ ದಾರಿ.

ಇಷ್ಟು ಬಾಹುಗಳ ಆಕೃತಿಯನ್ನು ಅಳತೆಪಟ್ಟಿ, ಕೈವಾರದಿಂದ ಎಳೆಯಬಹುದು ಅಂತ ಓದಿದ ನೆನಪು.

ನೀವು ಓದಿದ್ದು ಪಕ್ಕದ ಸಂಖ್ಯೆಯ ಬಗ್ಗೆ ಇರಬೇಕು. 1796ರಲ್ಲಿ ಗಾಸ್ 17 ಸಮ ಬಾಹುಗಳ ನಿಯಮಿತ ಆಕೃತಿಯನ್ನು ಹೀಗೆ ಎಳೆಯಲು ಸಾಧ್ಯ ಅಂತ ಕಂಡುಕೊಂಡರು. ಬಾಹುಗಳ ಎಣಿಕೆ ಬೆಸವಾಗಿದ್ದರೆ ಅದು ಬೇರೆ ಬೇರೆ ಫರ್ಮಾ ಅವಿಭಾಜ್ಯಗಳ ಗುಣಲಬ್ಧ ಆಗಿರಬೇಕು. 4294967295ರಲ್ಲಿ ಐದೂ ಇವೆ, ಹಾಗಾಗಿ ಅಷ್ಟು ಬಾಹುಗಳ ಆಕೃತಿ ತಾತ್ವಿಕವಾಗಿ ಸಾಧ್ಯ. ಬೆಸ ಬಾಹುಗಳ ಪೈಕಿ ಇಂದಿಗೆ ಗೊತ್ತಿರುವ ಅತಿ ದೊಡ್ಡದು ಅದೇ. ನಮ್ಮ 4294967297 ಬಾಹುಗಳದ್ದು ಸಾಧ್ಯವಿಲ್ಲ, ಯಾಕಂದರೆ 641 ಆಗಲಿ 6700417 ಆಗಲಿ ಫರ್ಮಾ ಸಂಖ್ಯೆಗಳಲ್ಲ. ಫರ್ಮಾ ಅವರ ನಂಬಿಕೆ ನಿಜವಾಗಿದ್ದರೆ ಇದೂ ಆ ಪಟ್ಟಿಯಲ್ಲಿ ಇರುತ್ತಿತ್ತು.

1ನ್ನು 641ರಿಂದ ಭಾಗಿಸಿದರೆ ದಶಮಾಂಶ ಎಷ್ಟು ಅಂಕೆಗೆ ಮರುಕಳಿಸುತ್ತೆ?

32 ಅಂಕೆಗೆ. 2ರ ಘಾತದಲ್ಲಿದ್ದ 32 ಇಲ್ಲಿ 10ರ ಘಾತದಲ್ಲೂ ಕಾಣಿಸಿಕೊಳ್ಳುತ್ತದೆ. 641 ಅನ್ನೋದು 10¹⁶ + 1 ಅನ್ನೂ ಭಾಗಿಸುತ್ತದೆ, ಅದಕ್ಕೇ ಹೀಗೆ.

## ಇನ್ನೂ ಆಳಕ್ಕೆ

ಅವಿಭಾಜ್ಯ ಪರೀಕ್ಷೆಗೂ ಇದು ಚಳ್ಳೆಹಣ್ಣು ತಿನ್ನಿಸುತ್ತಂತೆ, ನಿಜಾನಾ?

ನಿಜ. ಫರ್ಮಾ ಅವರದೇ ಒಂದು ಪ್ರಮೇಯ ಇದೆ: ಬೆಸ ಅವಿಭಾಜ್ಯ ಸಂಖ್ಯೆಯೊಂದನ್ನು ತೆಗೆದುಕೊಂಡು, ಅದಕ್ಕಿಂತ ಒಂದು ಕಡಿಮೆ ಘಾತಕ್ಕೆ 2ನ್ನು ಏರಿಸಿ, ಅದೇ ಅವಿಭಾಜ್ಯದಿಂದ ಭಾಗಿಸಿದರೆ ಶೇಷ 1 ಬರುತ್ತದೆ. 1 ಬರದಿದ್ದರೆ ಸಂಖ್ಯೆ ಭಾಜ್ಯ ಅಂತ ಖಚಿತ. 1 ಬಂದರೆ ಮಾತ್ರ ಖಚಿತವಿಲ್ಲ.

ನಮ್ಮ ಸಂಖ್ಯೆಗೆ ಹಾಕಿ ನೋಡಿ. 2³²ರ ಶೇಷ −1, 2⁶⁴ರ ಶೇಷ 1. ಪರೀಕ್ಷೆಯ ಘಾತ 4294967296, ಅದು 64ರ ಗುಣಕ. ಹಾಗಾಗಿ ಶೇಷ 1. ಪರೀಕ್ಷೆಯಲ್ಲಿ ಪಾಸು! ಇಂಥವನ್ನು ಹುಸಿ ಅವಿಭಾಜ್ಯ ಅನ್ನುತ್ತಾರೆ.

2ರ ಬದಲು 3 ಇಟ್ಟರೆ ಗುಟ್ಟು ಬಯಲಾಗುತ್ತದೆ. 3ರಿಂದ ಶುರು ಮಾಡಿ, ವರ್ಗ ಮಾಡಿ ಶೇಷ ಹಿಡಿಯೋದು, ಹೀಗೆ 32 ಸಲ. ಕೊನೆಗೆ ಬರೋದು 3029026160. ಅದು 1 ಅಲ್ಲ, ಹಾಗಾಗಿ ಸಂಖ್ಯೆ ಭಾಜ್ಯ. 641ರ ಸುಳಿವೇ ಇಲ್ಲದೆ ಇದು ತಿಳಿಯುತ್ತದೆ. 1877ರಲ್ಲಿ ಪೆಪಾಂ ಫರ್ಮಾ ಸಂಖ್ಯೆಗಳಿಗೆಂದೇ ಮಾಡಿದ ಪರೀಕ್ಷೆಯೂ ಸಾಮಾನ್ಯವಾಗಿ ಈ 3ನ್ನೇ ಬಳಸುತ್ತದೆ, ಆದರೆ ಒಂದು ವರ್ಗ ಮೊದಲೇ ನಿಂತು ಶೇಷ −1 ಬಂತಾ ಅಂತ ನೋಡುತ್ತದೆ. ಅಲ್ಲಿ ಉತ್ತರ ಎರಡೂ ಕಡೆಗೆ ಖಚಿತ.

ಇದರ ನಂತರದ ಫರ್ಮಾ ಸಂಖ್ಯೆಗಳ ಕತೆ ಏನು?

ಆರನೆಯದು 18446744073709551617. ಅದು 274177 × 67280421310721. ಥಾಮಸ್ ಕ್ಲೌಸೆನ್ 1855ರಲ್ಲೇ ಇದನ್ನು ಕಂಡುಕೊಂಡಿದ್ದರು. 1880ರಲ್ಲಿ ಲ್ಯಾಂಡ್ರಿ ತಮ್ಮ 82ನೇ ವಯಸ್ಸಿನಲ್ಲಿ ಬೇರೆಯಾಗಿ ಕಂಡುಹಿಡಿದು ಪ್ರಕಟಿಸಿದರು. ಏಳನೆಯದು ಒಡೆದದ್ದು 1970ರಲ್ಲಿ, ಎಂಟನೆಯದು 1980ರಲ್ಲಿ, ಒಂಬತ್ತನೆಯದು 1990ರಲ್ಲಿ, ಎಲ್ಲ ಕಂಪ್ಯೂಟರ್ ಸಹಾಯದಿಂದ. ಹತ್ತನೆಯದು 1995ಕ್ಕೆ ಮುಗಿಯಿತು. ಹನ್ನೊಂದನೆಯದು ಅದಕ್ಕೂ ಮೊದಲು, 1988ರಲ್ಲೇ ಪೂರ್ತಿ ಒಡೆದಿತ್ತು, ಯಾಕಂದರೆ ಅದರ ಭಾಜಕಗಳಲ್ಲಿ ಒಂದನ್ನು ಬಿಟ್ಟು ಉಳಿದವೆಲ್ಲ ಅಷ್ಟು ದೊಡ್ಡವಲ್ಲ. ಹನ್ನೆರಡನೆಯದು ಇನ್ನೂ ಪೂರ್ತಿ ಒಡೆದಿಲ್ಲ.

ಇಪ್ಪತ್ತನೆಯದು ಮತ್ತು ಇಪ್ಪತ್ನಾಲ್ಕನೆಯದು ಬೇರೆಯದೇ ಥರ. ಎರಡೂ ಭಾಜ್ಯ ಅಂತ ಗೊತ್ತು, ಆದರೆ ಒಂದು ಭಾಜಕವೂ ಯಾರ ಕೈಗೂ ಸಿಕ್ಕಿಲ್ಲ.

65537ರ ಮುಂದೆ ಇನ್ನೊಂದು ಫರ್ಮಾ ಅವಿಭಾಜ್ಯ ಇರಬಹುದಾ?

ಐದರಿಂದ ಮೂವತ್ತೆರಡನೆಯದರವರೆಗೆ ಎಲ್ಲವೂ ಭಾಜ್ಯ ಅಂತ ತೀರ್ಮಾನವಾಗಿದೆ. ಹೊಸದು ಒಂದೂ ಇಲ್ಲ. ಸಂಖ್ಯೆ ದೊಡ್ಡದಾದಷ್ಟೂ ಅವಿಭಾಜ್ಯ ಆಗುವ ಸಂಭವ ಕಡಿಮೆ, ಫರ್ಮಾ ಸಂಖ್ಯೆಗಳೋ ಭಾರೀ ವೇಗದಲ್ಲಿ ದೊಡ್ಡವಾಗುತ್ತವೆ. ಅದಕ್ಕೇ ಮೊದಲ ಐದೇ ಕೊನೆ ಅಂತ ಹೆಚ್ಚಿನವರ ಊಹೆ, ನನ್ನದೂ ಅದೇ. ಆದರೆ ಸಾಧನೆ ಇಲ್ಲ. ಸದ್ಯಕ್ಕೆ ಬಾಗಿಲಲ್ಲಿ ನಿಂತಿರುವುದು ಮೂವತ್ಮೂರನೆಯದು. ಬರೆದರೆ ಸುಮಾರು 258 ಕೋಟಿ ಅಂಕೆ. ಅದಕ್ಕೆ ಭಾಜಕವೂ ಸಿಕ್ಕಿಲ್ಲ, ಪೆಪಾಂ ಪರೀಕ್ಷೆ ಮಾಡಿ ಮುಗಿಸುವ ಲೆಕ್ಕವೂ ಇನ್ನೂ ಯಾರ ಕೈಗೂ ಎಟುಕಿಲ್ಲ.